ಕಾಲಾಳಿಗೆ ಒಂದೇ ಮನೆ

ಬೆಳಿಗ್ಗೆ ಹಾಲು ತೆಗೆಯಲು ಹೋದರೆ ಫ್ರಿಜ್ಜಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿತ್ತು. ಮೊಮ್ಮಗಳ ಚೆಸ್ ಮೇಷ್ಟರು ಬರೆದುಕೊಟ್ಟ ಮೊದಲ ಹತ್ತು ನಡೆಗಳು. "ಅಜ್ಜಿ, ಇದನ್ನೆಲ್ಲ ಬಾಯಿಪಾಠ ಮಾಡ್ಲೇಬೇಕಾ?" ಎಂದಳು. "ಬೇಡ್ವೇ ಬೇಡ" ಎಂದುಬಿಟ್ಟೆ. ಹಾಗೆ ಹೇಳುವ ಹಕ್ಕು ನನಗಿದೆ ಕಣ್ರೀ, ಕೇಳಿ.

ಅರವತ್ತರ ದಶಕ. ಯಶವಂತಪುರದಿಂದ ಕೊಡಿಗೇಹಳ್ಳಿಗೆ ಬಂದ ಹೊಸ ಸೊಸೆ ನಾನು. ಯಲಹಂಕದ ಶಾಲೆಯೊಂದರಲ್ಲಿ ಟೀಚರ್ ಕೆಲಸ ಸಿಕ್ಕಿತ್ತು, ಮಾವ ಒಪ್ಪಬೇಕಿತ್ತು. ಅವರಿಗೋ ಜಗಲಿ, ಎಲೆಅಡಿಕೆ, ಚದುರಂಗ ಇಷ್ಟೇ ಪ್ರಪಂಚ. ಕೇಳಿದರೆ, "ಆಟದಾಗೆ ನನ್ನ ಸೋಲ್ಸು, ಆಮ್ಯಾಕೆ ಓಗು" ಎಂದು ನಕ್ಕರು. ಅವರು ತಮಾಷೆಗೆ ಹೇಳಿದ್ದನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ.

ಆಟ ಬರುತ್ತಿತ್ತೇ? ಅಣ್ಣನ ಜೊತೆ ನಾಲ್ಕು ಸಲ ಕಾಯಿ ಸರಿಸಿದ್ದೆ, ಅಷ್ಟೆ. ತವರಿಗೆ ಹೋಗಿ ಅವನ ಇಂಗ್ಲಿಷ್ ಪುಸ್ತಕದಿಂದ ಹದಿನೈದು ನಡೆ ಬರೆದುಕೊಂಡು ಬಂದೆ. ಮುದ್ದೆ ತೊಳಸುವಾಗಲೂ ಅದೇ ಜಪ. ಮುದ್ದೆ ಎರಡು ಸಲ ಗಂಟುಗಂಟಾಗಿ ಅತ್ತೆ ಹಣೆ ಚಚ್ಚಿಕೊಂಡರು.

ಒಂದು ಭಾನುವಾರ ಮಧ್ಯಾಹ್ನ ಜಗಲಿ ಹತ್ತಿ ಮಾವನ ಎದುರು ಕೂತೆ. ರಾಜನ ಮುಂದಿನ ಕಾಲಾಳನ್ನು ಠೀವಿಯಿಂದ ಎರಡು ಮನೆ ಸರಿಸಿದೆ. ಮಾವ ಅದನ್ನು ಒಂದು ಮನೆ ಹಿಂದಕ್ಕಿಟ್ಟರು. "ಇದೇನಮ್ಮಾ, ಕಾಲಾಳು ಕುಪ್ಪಳಿಸ್ತೈತೆ? ನಮ್ಮಲ್ಲಿ ಒಂದೇ ಮನೆ."

ಅಯ್ಯೋ ಶಿವನೇ! ಊರಿನ ಆಟ ಬೇರೆ, ಪುಸ್ತಕದ ಆಟ ಬೇರೆ ಎಂದು ಅಣ್ಣನೂ ಹೇಳಿರಲಿಲ್ಲ. ಹದಿನೈದು ನಡೆಗಳೂ ಮೊದಲನೆಯದರಲ್ಲೇ ಗೋತಾ ಹೊಡೆದವು. ಆಮೇಲೆ ಸ್ವಂತ ಬುದ್ಧಿಯೇ ಗತಿ. ಬೆವರಿದೆ, ತಡಕಾಡಿದೆ, ಹೇಗೋ ಅವರದೊಂದು ಆನೆಯನ್ನೂ ಹೊಡೆದೆ. ಕೊನೆಗೆ ಸೋತೆ. ಕೆಲಸ ಹೋಯಿತು ಎಂದು ಕಣ್ಣಲ್ಲಿ ನೀರು ತುಂಬಿತು.

ಮಾವ ಕಾಯಿಗಳನ್ನು ಚೀಲಕ್ಕೆ ತುಂಬುತ್ತಾ, "ಅಳಬ್ಯಾಡ. ಈ ಜಗಲಿ ಮ್ಯಾಲೆ ನನ್ನೆದುರಿಗೆ ಆಟಕ್ಕೆ ಕುಂತ ಮೊದಲ್ನೇ ಎಂಗ್ಸು ನೀನು. ನಾಳೆ ನಾನೇ ಬಸ್ಸು ಅತ್ತಿಸ್ತೀನಿ" ಎಂದರು. ಹತ್ತಿಸಿದರು ಕೂಡ. ಮೂವತ್ತು ವರ್ಷ ಪಾಠ ಮಾಡಿದೆ.

ಅಂದಿನಿಂದ ಆಟದಲ್ಲಿ ಬಾಯಿಪಾಠ ಎಂದರೆ ನನಗೆ ನಗು. ಇವತ್ತು ಹಾಲಿನ ಪಾತ್ರೆ ಹಿಡಿದು ಆ ಚೀಟಿಯ ಮುಂದೆ ನಿಂತಾಗ ಮಾತ್ರ ನಗು ಬರಲಿಲ್ಲ. ಆ ಹದಿನೈದು ನಡೆ ಬಾಯಲ್ಲಿಲ್ಲದಿದ್ದರೆ ನಾನು ಆ ಜಗಲಿ ಹತ್ತುತ್ತಿದ್ದೆನೇ? ಆಟಕ್ಕೆ ಅವು ಒದಗಲಿಲ್ಲ, ನಿಜ. ಎದುರು ಕೂರುವ ಧೈರ್ಯಕ್ಕೆ ಒದಗಿದವು.

ಮೊಮ್ಮಗಳನ್ನು ಕರೆದೆ. "ಒಂದ್ ನಾಲ್ಕು ನಡೆ ಕಲ್ತ್ಕೋ ಕಣೇ. ಮಿಕ್ಕಿದ್ದು ಎದುರಿಗಿರೋರನ್ನ ನೋಡ್ಕೊಂಡು ಆಡು."

"ಈಗ ತಾನೇ ಬೇಡ ಅಂದ್ಯಲ್ಲಜ್ಜಿ!"

"ಅಂದೆ. ಆ ನಡೆ ವಾಪಸ್ ತಗೊಂಡೆ."