ನಾಕಾದಲ್ಲಿ ತೋರಿಸಿದ ಬಿಲ್ಲೆ

ಪೊಲೀಸ್ ಶಿಪಾಯಿಯಾಗಿದ್ದ ನಮ್ಮವರ ಸೊಂಟದ ಪಟ್ಟೆಗೆ ಒಂದು ಹಿತ್ತಾಳೆಯ ಬಿಲ್ಲೆ ಇತ್ತು. ಅದರ ಮೇಲೆ ಅವರ ನಂಬರು ಕೊರೆದಿತ್ತು. ಹುಬ್ಬಳ್ಳಿಯ ಪೊಲೀಸ್ ಲೈನಿನಲ್ಲಿ ನಾವು ಸಂಸಾರ ಹೂಡಿದಾಗಿನಿಂದ ಮನೆಯಲ್ಲಿ ಎಲ್ಲಕ್ಕಿಂತ ಜೋಪಾನವಾಗಿ ಇಡಬೇಕಾದ ವಸ್ತು ಅದು. ಕಳೆದರೆ ನೌಕರಿಗೇ ಸಂಚಕಾರ. ಹಿಂದಿನ ಸಾಲಿನ ಮನೆಯ ಶಿಪಾಯಿಯೊಬ್ಬ ಅದನ್ನು ಗೂಟಕ್ಕೆ ತೂಗುಹಾಕಿ ಊರಿಗೆ ಹೋಗಿದ್ದ. ತಿರುಗಿ ಬರುವುದರೊಳಗೆ ಯಾರೋ ಎತ್ತಿಕೊಂಡು ಹೋಗಿದ್ದರು. ಅವನು ಸಾಹೇಬರ ಮುಂದೆ ಕೈಕಟ್ಟಿ ನಿಂತು ಅತ್ತದ್ದನ್ನು ನಮ್ಮವರು ಕಣ್ಣಾರೆ ಕಂಡಿದ್ದರು. ಅಂದಿನಿಂದ ರಜೆಯ ಮೇಲೆ ಎಲ್ಲಿಗೇ ಹೊರಟರೂ ಬಿಲ್ಲೆಯನ್ನು ಪಟ್ಟೆಯಿಂದ ಬಿಚ್ಚಿ, ಅರಿವೆಯಲ್ಲಿ ಸುತ್ತಿ, ಧೋತರದ ನಡುವಿನಲ್ಲಿ ಸಿಕ್ಕಿಸಿಕೊಳ್ಳುತ್ತಿದ್ದರು. ಜೊತೆಗೆ ಒಯ್ಯುತ್ತಿದ್ದರೇ ಹೊರತು ಯಾರಿಗೂ ತೋರಿಸುತ್ತಿರಲಿಲ್ಲ.

"ಕೊರಳಾಗಿನ ಲಿಂಗಾ ನಾವು ಮಂದಿಗೆ ತಗದ ತೋರಸ್ತೇವೇನ? ಇದೂ ಹಂಗ," ಎನ್ನುತ್ತಿದ್ದರು.

"ಲಿಂಗಕ್ಕೂ ಹಿತ್ತಾಳಿಗೂ ಸರಿ ಹಚ್ಚಬ್ಯಾಡ್ರಿ," ಎಂದು ನಾನು ಸಿಟ್ಟು ಮಾಡಿದರೆ ನಗುತ್ತಿದ್ದರು.

ಲೈನಿನ ಉಳಿದವರು ಹಾಗಿರಲಿಲ್ಲ. ಜಮಾದಾರರ ಹೆಂಡತಿ ಬಾವಿಕಟ್ಟೆಯಲ್ಲಿ ಕೊಡ ಇಟ್ಟಳೆಂದರೆ ಅದೇ ಮಾತು.

"ನಮ್ಮವ್ರು ಯಾವ ಊರಿಗೆ ಹೋಗಲಿ, ಮೊದಲ ಬಿಲ್ಲಿ ತಗೀತಾರ ನೋಡವಾ. ಮೋಟಾರದಾಂವ ರೊಕ್ಕಾ ಕೇಳಾಂಗಿಲ್ಲ, ಖಾನಾವಳಿಯಾಂವ ತುಪ್ಪಾ ಸುರೀತಾನ. ನಿಮ್ಮವ್ರೇನ ಸನ್ಯಾಸಿ ಆಗ್ಯಾರೇನ?"

"ರೊಕ್ಕಾ ಕೊಟ್ಟ ಉಂಡದ್ದು ಅರಗತೈತಿ ಅಂತಾರ್ರಿ ನಮ್ಮವ್ರು."

"ಅರಗಾಕ ಮೊದಲ ಹೊಟ್ಟ್ಯಾಗ ಬೀಳಬೇಕಲ್ಲಬೇ!"

ಬಾವಿಯ ಸುತ್ತ ಇದ್ದವರೆಲ್ಲ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಮನೆಗೆ ಬಂದ ಮೇಲೆ ಶಿವನ ಮುಂದೆ ದೀಪ ಹಚ್ಚಿ, ಕುಡಿಯದ, ಲಂಚ ಮುಟ್ಟದ ಗಂಡನನ್ನು ಕೊಟ್ಟೆಯಲ್ಲ, ತುಪ್ಪ ಇಲ್ಲದಿದ್ದರೂ ನಡೆದೀತು, ಎನ್ನುತ್ತಿದ್ದೆ.

ಆ ಬಿಲ್ಲೆಯನ್ನು ಬೆಳಗುತ್ತಿದ್ದವಳು ನನ್ನ ತಂಗಿ. ಅವ್ವ ತೀರಿಕೊಂಡ ಮೇಲೆ ಮದುವೆಯಾಗುವ ತನಕ ಅವಳು ನಮ್ಮಲ್ಲೇ ಇದ್ದಳು. ಹುಣಸೆಹಣ್ಣು ಹಚ್ಚಿ, ಬೂದಿಯಿಂದ ತಿಕ್ಕಿ, ಸೆರಗಿನಿಂದ ಒರೆಸಿ, ಅದರಲ್ಲಿ ಹಣೆಯ ವಿಭೂತಿ ನೋಡಿಕೊಳ್ಳುತ್ತಿದ್ದಳು. "ಮಾಮಾ, ನೀವು ಬಜಾರದಾಗ ನಿಂತ್ರ ಬಿಲ್ಲಿ ನೋಡಿ ಕಳ್ಳರೆಲ್ಲ ಓಡಿ ಹೊಕ್ಕಾರಲ್ರಿ?" ಎಂದು ಕೇಳುವಳು. "ಹೂಂ, ನೀ ಇಷ್ಟ ತಿಕ್ಕಿದ ಮ್ಯಾಲ ಅವರ ಕಣ್ಣ ಕುಕ್ಕತೈತಿ, ಓಡದ ಏನ ಮಾಡ್ತಾರ?" ಎನ್ನುವರು. ಆ ಹಿತ್ತಾಳೆಯಲ್ಲಿ ಇಡೀ ಸರಕಾರವೇ ಇದೆ ಎಂದು ಅವಳು ನಂಬಿದ್ದಳು. ನಾನೂ ಅರ್ಧ ನಂಬಿದ್ದೆ.

ಅವಳನ್ನು ಕೊಟ್ಟದ್ದು ಸಂಸ್ಥಾನದ ಹಳ್ಳಿಗೆ. ಈಗಿನವರಿಗೆ ಇದನ್ನು ಬಿಡಿಸಿ ಹೇಳಬೇಕು. ಆಗ ಹುಬ್ಬಳ್ಳಿ ಇಂಗ್ರೇಜರದು. ನಾವು ಅದನ್ನು ಖಾಲಸಾ ಸೀಮೆ ಎನ್ನುತ್ತಿದ್ದೆವು. ಆದರೆ ಊರು ದಾಟಿ ಚಕ್ಕಡಿಯಲ್ಲಿ ಅರ್ಧ ದಿನ ಹೋದರೆ ಒಂದು ಹಳ್ಳದ ಆಚೆಗೆ ಬೇರೆ ರಾಜರ ಸೀಮೆ. ಅದೇ ಕರಿಮಣ್ಣು, ಅದೇ ಹತ್ತಿ, ಅದೇ ಕನ್ನಡ. ಕಚೇರಿ ಬೇರೆ, ಕಾಯಿದೆ ಬೇರೆ, ಪೊಲೀಸರು ಬೇರೆ. ನಡುವೆ ಒಂದು ನಾಕಾ. ಹೋಗಿ ಬರುವ ಗಾಡಿಗಳನ್ನು ಅಲ್ಲಿ ತಡೆದು ನೋಡಿ, ಸುಂಕ ಕೊಡಬೇಕಾದವರಿಂದ ತೆಗೆದುಕೊಂಡು ಬಿಡುತ್ತಿದ್ದರು. ವಿಲಾಯತಿಗೆ ಹೋದವರಿಗೆ ಸಮುದ್ರ ದಾಟಿದ ಮೇಲೆ ಪರದೇಶ. ನಮಗೆ ಮೊಣಕಾಲುದ್ದದ ಹಳ್ಳ ದಾಟಿದರೆ ಪರದೇಶ.

ತಂಗಿಯದು ಚೊಚ್ಚಿಲ ಹೆರಿಗೆ. ಹೆಣ್ಣು ಮಗು, ಸುಸೂತ್ರ ಆಯಿತು ಎಂದು ಸುದ್ದಿ ಬಂತು. ಹಿಂದೆಯೇ ಇನ್ನೊಂದು ಸುದ್ದಿ: ಬಾಣಂತಿಗೆ ಜ್ವರ ಬಿಡುತ್ತಿಲ್ಲ, ಒಂದೊಂದು ಸಲ ಎಚ್ಚರ ತಪ್ಪಿ ಮಾತಾಡುತ್ತಾಳೆ. ಸಂತೆಗೆ ಬಂದ ಆ ಊರಿನ ಮನುಷ್ಯ ಹೇಳಿ ಹೋದ. ನಮ್ಮವರು ರಜೆ ಹಾಕಿ, ಲೈನಿನ ಹಿಂದೆ ಇದ್ದ ಒಬ್ಬರ ಚಕ್ಕಡಿ ಬಾಡಿಗೆಗೆ ಹಿಡಿದರು. ಹುಬ್ಬಳ್ಳಿಯ ದವಾಖಾನೆಯಲ್ಲಿ ಒಬ್ಬ ಡಾಕ್ಟರಬಾಯಿ ಇದ್ದರು; ಅವರ ಕೈಗುಣ ದೊಡ್ಡದು. ತಂಗಿಯನ್ನು ಅಲ್ಲಿಗೆ ತಂದು ಮುಟ್ಟಿಸಿದರೆ ಉಳಿದಾಳು, ಇದೊಂದೇ ನಮ್ಮ ತಲೆಯಲ್ಲಿ.

ಹೋಗುವಾಗ ನಾಕಾದಲ್ಲಿ ತಡವಾಗಲಿಲ್ಲ. ಅಲ್ಲಿದ್ದವನು ಒಬ್ಬ ಮುಸಲ್ಮಾನ ಶಿಪಾಯಿ, ನಮ್ಮವರದೇ ವಯಸ್ಸು. "ಎಲ್ಲಿಗ್ರಿ?" ಎಂದ. "ಬೀಗರ ಮನಿಗ್ರಿ. ನಾದಿನಿ ಬಾಣಂತಿ ಅದಾಳ, ಮೈಯಾಗ ಛಲೋ ಇಲ್ಲ," ಎಂದರು ನಮ್ಮವರು. "ಅಲ್ಲಾ ಆರಾಮ ಮಾಡ್ತಾನ, ಹೋಗ್ರಿ," ಎಂದು ಅಡ್ಡಗೋಲು ಎತ್ತಿದ. ಬಿಲ್ಲೆ ನಡುವಿನಲ್ಲೇ ಇತ್ತು.

ಊರು ತಲುಪಿ ತಂಗಿಯ ಹಣೆ ಮುಟ್ಟಿ ನೋಡಿದೆ. ಮೈ ಹಂಚಿನ ಹಾಗೆ ಸುಡುತ್ತಿತ್ತು. ಅವಳ ಗಂಡ ಅರಳೆ ಬಿಡಿಸುವ ಜಿನ್ನಿಗೆ ಹತ್ತಿ ಹೇರಿಕೊಂಡು ಹೋದವನು ಬಂದಿರಲಿಲ್ಲ. ಅತ್ತೆಗೆ ಕಣ್ಣು ಮಂಜು, ಗಾಡಿ ಹತ್ತುವ ಶಕ್ತಿ ಇಲ್ಲ. "ಕರ್ಕೊಂಡ ಹೋಗ್ರೆವಾ, ನನ್ನ ಮಗಾ ಬಂದ ಕೂಡ್ಲೆ ಹಿಂದ ಕಳಸ್ತೇನಿ," ಎಂದು ಮಗುವನ್ನು ನನ್ನ ಉಡಿಯಲ್ಲಿಟ್ಟಳು. ನಸುಕಿನಲ್ಲಿ ಹೊರಟೆವು.

ನಾಕಾದ ಹತ್ತಿರ ಬಂದಾಗ ಹತ್ತಿಯ ಗಾಡಿಗಳ ಸಾಲು. ಸುಗ್ಗಿಯ ಕಾಲ. ಒಂದೊಂದು ಗಾಡಿ ಬಿಡಿಸಿಕೊಂಡು ಹೋಗಲು ಹೊತ್ತು ಹಿಡಿಯುತ್ತಿತ್ತು. ಬಿಸಿಲು ಏರುತ್ತಿತ್ತು. ತಂಗಿ ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ಆ ಗಳಿಗೆಯಲ್ಲಿ ಅವಳಿಗೆ ಪೂರ್ತಿ ಎಚ್ಚರ ಇತ್ತು.

"ಮಾಮಾ, ಬಿಲ್ಲಿ ತಂದೀರೇನ್ರಿ?"

"ತಂದೇನವಾ."

"ಮತ್ತ ತೋರಸ್ರಿ. ಲಗೂ ಬಿಡ್ತಾರ."

ಅವರು ನನ್ನ ಮುಖ ನೋಡಿದರು. "ಇದು ನಮ್ಮ ಸೀಮಿ ಅಲ್ಲವಾ ತಂಗೆವ್ವಾ. ಇಲ್ಲೆ ನಾ ಪೊಲೀಸ ಅಲ್ಲ," ಎಂದರು.

"ಬಿಲ್ಲಿ ಎಲ್ಲಿದ್ರೂ ಬಿಲ್ಲೀನ ಅಲ್ರಿ," ಎಂದು ಅವಳು ನಕ್ಕಳು. ತುಟಿಗಳು ಒಡೆದಿದ್ದವು. "ನನ್ನ ಸಲುವಾಗಿ, ಒಮ್ಮೆ."

ಅವಳು ಅವರನ್ನು ಬೇರೇನೂ ಬೇಡಿದವಳಲ್ಲ. ಅವರು ಇಳಿದರು. ನಡುವಿನಿಂದ ಅರಿವೆ ಬಿಚ್ಚುತ್ತ ಗಾಡಿಗಳ ಸಾಲಿನ ಪಕ್ಕದಲ್ಲಿ ನಡೆದು ಮುಂದೆ ಹೋದರು. ಬಿಲ್ಲೆ ಬಿಸಿಲಿಗೆ ಮಿಂಚಿದ್ದು ನನಗೆ ಗಾಡಿಯಿಂದಲೇ ಕಂಡಿತು.

ಅದೇ ಶಿಪಾಯಿ ಇದ್ದ. ಆದರೆ ಅವತ್ತು ಕಟ್ಟೆಯ ಮೇಲೆ ಸಂಸ್ಥಾನದ ಕಾರಕೂನನೂ ಕೂತಿದ್ದ. ಬಿಲ್ಲೆ ನೋಡಿ ಎದ್ದು ನಿಂತ. ನಮ್ಮ ಗಾಡಿಯನ್ನು ಸಾಲಿನಿಂದ ಹೊರಗೆ ತರಿಸಿದರು. ಬಿಟ್ಟೇ ಬಿಟ್ಟರು ಎಂದುಕೊಂಡು ನಾನು ಶಿವನಿಗೆ ಕೈಮುಗಿದೆ. ಆದರೆ ನಾಕಾದವರು ಗಾಡಿಯನ್ನು ಬೇವಿನ ಮರದ ಕೆಳಗೆ ನಿಲ್ಲಿಸಿ ಎತ್ತು ಬಿಚ್ಚಿಸಿದರು.

"ನಿನ್ನೆ ಬೀಗರ ಮನಿಗೆ ಅಂತ ಹೇಳಿ ಒಳಗ ಬಂದ್ರಿ. ಇವತ್ತ ಖಾಲಸಾ ಪೊಲೀಸ ಅಂತೀರಿ. ಯಾವದ್ರೀ ಖರೇ?" ಎಂದ, ಶಿಪಾಯಿಯಿಂದ ಹಿಂದಿನ ದಿನದ ಸಂಗತಿ ಕೇಳಿಕೊಂಡ ಕಾರಕೂನ.

"ಎರಡೂ ಖರೇರಿ."

"ಈ ಹೆಣ್ಣಮಗಳ ನಮ್ಮ ಮಹಾರಾಜರ ರಯತಿ. ಖಾಲಸಾ ಪೊಲೀಸ ಇಲ್ಲಿಂದ ಯಾರನ್ನರೆ ಒಯ್ಯಬೇಕಾದ್ರ ಮಾಮಲೇದಾರರ ಚೀಟಿ ಬೇಕು. ಐತೇನು?"

ಹಿಂದೊಮ್ಮೆ ಖಾಲಸಾದ ಪೊಲೀಸರು ಚೀಟಿಯಿಲ್ಲದೆ ಒಳಗೆ ಬಂದು ಒಬ್ಬನನ್ನು ಹಿಡಿದುಕೊಂಡು ಹೋಗಿದ್ದರಂತೆ. ಅದರಿಂದ ನಾಕಾದವರಿಗೆ ಛೀಮಾರಿಯಾಗಿತ್ತಂತೆ. ಇದು ಆಮೇಲೆ ನಮಗೆ ತಿಳಿದದ್ದು.

"ರಜಾದ ಮ್ಯಾಲ ಅದೇನ್ರಿ. ಹಿಡಿಯಾಕ ಬಂದಾಂವ ಅಲ್ಲ. ಆಕಿ ನನ್ನ ಹೆಂಡ್ತಿ ತಂಗಿ."

"ರಜಾದ ಮ್ಯಾಲ ಇದ್ದಾಂವ ಬಿಲ್ಲಿ ಯಾಕ ತೋರಸಿದಿ?"

ನಮ್ಮವರು ಗಾಡಿಯಲ್ಲಿ ಮಲಗಿದ್ದವಳ ಕಡೆಗೆ ಕೈಮಾಡಿದರು. ನಾನು ಸೆರಗು ಹೊದ್ದು ಗಾಡಿಯಿಂದ ಇಳಿದು, ನಾನು ಇವಳ ಒಡಹುಟ್ಟಿದ ಅಕ್ಕ ಎಂದೆ. ತಂಗಿಯೂ ತಲೆಯೆತ್ತಿ, "ಅವರು ನಮ್ಮ ಮಾಮಾ ಅದಾರ್ರಿ," ಎಂದಳು. ಅಂಜಿಸಿ ಹೇಳಿಸಿರಬೇಕು ಎಂದ ಕಾರಕೂನ. ಚಕ್ಕಡಿಯವನೂ ಹುಬ್ಬಳ್ಳಿಯವನು, ಅವನ ಮಾತೂ ನಡೆಯಲಿಲ್ಲ.

"ನನ್ನ ಇಟಗೋರಿ. ಹೆಣ್ಣಮಕ್ಕಳ್ನ ಬಿಡ್ರಿ," ಎಂದು ನಮ್ಮವರು ಬಿಲ್ಲೆಯನ್ನು ಅವನ ಮುಂದೆ ಇಟ್ಟೇಬಿಟ್ಟರು.

"ಯಾರ ಸಲುವಾಗಿ ಗಾಡಿ ತಡದೇವೋ ಆಕಿನ್ನ ಬಿಟ್ಟು ನಿನ್ನ ಇಟಗೊಂಡ ಏನ ಮಾಡ್ಲಿ?"

ತಂಗಿಯ ಗಂಡನನ್ನು ಕರೆತರಲು ಊರಿಗೆ ಆಳು ಹೋದ. ಗಂಡ ಊರಲ್ಲಿಲ್ಲ ಎಂದು ನಾವು ಎಷ್ಟು ಹೇಳಿದರೂ ಕೇಳಲಿಲ್ಲ. ನಮ್ಮ ಹಿಂದೆ ಇದ್ದ ಹತ್ತಿಯ ಗಾಡಿಗಳು ಒಂದೊಂದೇ ದಾಟಿ ಹುಬ್ಬಳ್ಳಿಯ ದಾರಿ ಹಿಡಿದವು.

ಮಗು ಅಳತೊಡಗಿತು. ತಂಗಿಯ ಹಾಲು ಬತ್ತಿತ್ತು. ನಾನು ಸೆರಗಿನ ತುದಿಯನ್ನು ಸಕ್ಕರೆ ನೀರಿನಲ್ಲಿ ಅದ್ದಿ ಅದರ ಬಾಯಿಗಿಟ್ಟೆ, ಅದು ಉಗುಳಿತು. ಆಗ ನಾಕಾದ ಹಿಂದಿನ ಗುಡಿಸಲಿನಿಂದ ಆ ಶಿಪಾಯಿಯ ಹೆಂಡತಿ ಬಂದಳು. ಅವಳ ಬಗಲಲ್ಲೂ ಒಂದು ಕೂಸು.

"ಕೊಡ್ರಿ ಇಲ್ಲೆ. ನಿಮ್ಮ ಮಡಿ ಗಿಡಿ ಆಮ್ಯಾಲ. ಕೂಸಿಗೆ ಯಾವ ಜಾತಿ ಬಂದೈತಿ?" ಎಂದು ಕೈಚಾಚಿದಳು.

ನಾನು ಕೊಟ್ಟೆ. ಅವಳು ತನ್ನ ಕೂಸನ್ನು ಒಂದು ಕಡೆಗೆ, ನಮ್ಮದನ್ನು ಇನ್ನೊಂದು ಕಡೆಗೆ ಹಾಕಿಕೊಂಡು ಕೂತಳು. ತನ್ನ ಹೊರಸನ್ನು ಹೊರಗೆ ತರಿಸಿ ತಂಗಿಯನ್ನು ಮಲಗಿಸಲು ಕೊಟ್ಟಳು. ಆ ದಿನವನ್ನು ನೆನೆದಾಗ ನಾನು ಅದನ್ನೂ ಎಣಿಸಬೇಕು. ಆ ಮರಕ್ಕೆ ನೆರಳಿತ್ತು, ಆ ಹಳ್ಳದಲ್ಲಿ ನೀರಿತ್ತು, ಆ ತಾಯಿಯಲ್ಲಿ ಹಾಲಿತ್ತು. ಶಿವ ಒಂದು ಬಾಗಿಲು ಮುಚ್ಚಿದಾಗ ನಾನು ಅವನನ್ನು ಬೈದೆ. ಹಾಲು ಕಂಡಾಗ ನಾಲಿಗೆ ಕಚ್ಚಿಕೊಂಡೆ.

ಕಾರಕೂನ ಊಟಕ್ಕೆ ಹೋದಾಗ ಶಿಪಾಯಿ ನಮ್ಮವರ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತ.

"ಯಾಕ ತಗದ್ರಿ ಅಣ್ಣಾ ಅದನ್ನ? ಬಾಣಂತಿ ಅದಾಳ ಅಂತ ಒಂದ ಮಾತ ಅಂದಿದ್ರ ಎಲ್ಲಾ ಗಾಡಿ ಸರಸಿ ನಿಮಗ ದಾರಿ ಮಾಡಿಕೊಡ್ತಿದ್ದೆ. ನೀವು ಬಿಲ್ಲಿ ತಗದ್ರಿ, ನಾನೂ ಪೊಲೀಸ ಆಗಬೇಕಾತು."

ತಂಗಿಗೆ ಇದು ಕೇಳಿಸಿತೋ ಇಲ್ಲವೋ ನನಗೆ ಗೊತ್ತಿಲ್ಲ. ಕೇಳಿಸದಿರಲಿ ಎಂದು ಈಗಲೂ ಬೇಡಿಕೊಳ್ಳುತ್ತೇನೆ. ಅವಳ ಮುಖ ಗಾಡಿಯ ಕಡೆಗಿತ್ತು.

ಸಂಜೆ ಅವಳ ಗಂಡ ಓಡುತ್ತ ಬಂದ. ಮನೆಗೆ ಬಂದವನು ಸುದ್ದಿ ಕೇಳಿ ನೀರೂ ಕುಡಿಯದೆ ಬಂದಿದ್ದ. "ನನ್ನ ಹೇಣತಿ, ನನ್ನ ಷಡ್ಡಕ. ಇನ್ನ ಯಾರ ಚೀಟಿ ಬೇಕ್ರೀ ನಿಮಗ?" ಎಂದು ಒದರಾಡಿದ. ಕಾರಕೂನ ಅವನ ಹೆಬ್ಬೆಟ್ಟು ಒತ್ತಿಸಿಕೊಂಡು, ಬಿಲ್ಲೆಯನ್ನು ತಿರುಗಿ ಕೊಟ್ಟು ಬಿಟ್ಟ. ಶಿಪಾಯಿ ನಮ್ಮ ಗಾಡಿಯ ಜೊತೆಗೆ ಹಳ್ಳದ ತನಕ ನಡೆದುಬಂದು, ಕಲ್ಲಿಗೆ ಗಾಲಿ ತಾಕದಂತೆ ಹಿಡಿದು ದಾಟಿಸಿದ.

ದವಾಖಾನೆಯಲ್ಲಿ ಅವಳು ಇನ್ನೊಂದು ಹಗಲು ಇದ್ದಳು. ಡಾಕ್ಟರಬಾಯಿ ಮೈಮರೆತು ಸೇವೆ ಮಾಡಿದರು. ಎಲ್ಲ ಮುಗಿದ ಮೇಲೆ ನಮ್ಮವರು ಅವರ ಹಿಂದೆಯೇ ಹೋಗಿ ಕೇಳಿದರು, "ಬಾಯಾರ, ಒಂದ ಹೊತ್ತ ಮೊದಲ ಬಂದಿದ್ರ?"

"ಈ ಜ್ವರಾನ ಹಂಗಪಾ," ಎಂದರು ಅವರು. "ಮೊದಲ ಬಂದವರೂ ಹೋಗ್ತಾರ. ತಡಾ ಮಾಡಿ ಬಂದವರೂ ಒಬ್ಬೊಬ್ಬರು ಉಳೀತಾರ. ನಾ ಏನ ಹೇಳ್ಲಿ?"

ಅವರು ದಯೆಯಿಂದ ಹೇಳಿದರೋ, ಇದ್ದದ್ದನ್ನೇ ಹೇಳಿದರೋ. ನಮ್ಮವರಿಗೆ ಆ ಮಾತು ಯಾವ ಕಡೆಗೂ ಆಸರೆಯಾಗಲಿಲ್ಲ. ತಂಗಿಯನ್ನು ಕ್ರಿಯೆಯ ಕುಣಿಯಲ್ಲಿ ಕೂಡಿಸಿ, ಎಡಗೈಯಲ್ಲಿ ಅವಳ ಲಿಂಗ ಇಟ್ಟು, ವಿಭೂತಿ ಹಚ್ಚಿ ಮಣ್ಣು ಕೊಟ್ಟೆವು. ನನ್ನ ಕೈಯಿಂದ ನೀರು ಕುಡಿದು ಹೋದಳು. ಎಲ್ಲೋ ದಾರಿಯಲ್ಲಿ, ಗಾಡಿಯಲ್ಲಿ ಹೋಗಲಿಲ್ಲ. ಶಿವ ಇಷ್ಟು ಕೊಟ್ಟ.

ಮಗು ನಮ್ಮಲ್ಲೇ ಬೆಳೆಯಿತು. ಬಿಲ್ಲೆ ಮಾತ್ರ ಅಂದಿನಿಂದ ನಮ್ಮವರೊಡನೆ ಊರು ಬಿಡಲಿಲ್ಲ. ರಜೆ ಸಿಕ್ಕರೆ ಠಾಣೆಯಲ್ಲಿ ಬರೆಸಿ, ಒಪ್ಪಿಸಿ ಬರುತ್ತಿದ್ದರು. ಹುಡುಗಿ ದೊಡ್ಡವಳಾಗಿ ಅದನ್ನು ಬೆಳಗಲು ಕೈಹಾಕಿದರೆ, "ಬ್ಯಾಡವಾ, ನಾ ತಿಕ್ಕತೇನಿ," ಎಂದು ಇಸಿದುಕೊಳ್ಳುವರು. ಜಮಾದಾರರ ಹೆಂಡತಿ ಒಮ್ಮೆ ನನ್ನ ಜೊತೆ ಕೂತು ಕಣ್ಣೀರು ಹಾಕಿ, "ಹೋಗುವಾಗನ ತೋರಿಸಿಬಿಟ್ಟಿದ್ರ ಬರುವಾಗ ಸಂಶೆ ಬರತಿದ್ದಿಲ್ಲೇನ," ಎಂದಳು. ಇನ್ನೊಬ್ಬರು ತೋರಿಸಲೇಬಾರದಿತ್ತು ಎಂದರು. ನನ್ನನ್ನು ಕೇಳಿದರೆ, ತನ್ನ ಸೀಮೆ ಬಿಟ್ಟ ಪೊಲೀಸ ಉಳಿದವರ ಹಾಗೆ ಸಾಲಿನಲ್ಲಿ ನಿಲ್ಲಬೇಕು. ಕಷ್ಟವಿದ್ದರೆ ಕಷ್ಟವನ್ನು ಹೇಳಿಕೊಳ್ಳಬೇಕು, ಬಿಲ್ಲೆಯನ್ನಲ್ಲ. ಇಷ್ಟು ಹೇಳಿದ ಮೇಲೂ, ಅಕ್ಕನ ತೊಡೆಯ ಮೇಲೆ ಮಲಗಿದ ಹುಡುಗಿ "ನನ್ನ ಸಲುವಾಗಿ" ಎಂದರೆ ಯಾವ ಗಂಡಸು ಒಲ್ಲೆ ಎಂದಾನು?

ಸಂಸ್ಥಾನಗಳೆಲ್ಲ ಅಳಿದು ಸೀಮೆ ಒಂದಾದ ವರ್ಷ ನಮ್ಮವರಿಗೂ ಪೆನ್ಶನ್ ಆಯಿತು. ಬಿಲ್ಲೆಯನ್ನು ಸರಕಾರಕ್ಕೆ ಒಪ್ಪಿಸಿದರು. ಹುಡುಗಿಯನ್ನು ಅವಳ ಅಪ್ಪನ ಊರಿಗೆ ಕರೆದುಕೊಂಡು ಹೊರಟೆವು. ಹಳ್ಳದ ಆಚೆಗೆ ಅಡ್ಡಗೋಲು ಇರಲಿಲ್ಲ. ಬೇವಿನ ಮರ ಇತ್ತು, ಗುಡಿಸಲೂ ಇತ್ತು. ನಾನು ಗಾಡಿ ನಿಲ್ಲಿಸಿ ಹುಡುಗಿಯ ಕೈಹಿಡಿದು ಒಳಗೆ ಹೋದೆ. ಆ ತಾಯಿಗೆ ತಲೆ ಬೆಳ್ಳಗಾಗಿತ್ತು. ನನ್ನ ಮುಖದ ಗುರುತು ಹಿಡಿದು, ಯಾರು ಎಂದು ಹೇಳುವ ಮೊದಲೇ ಹುಡುಗಿಯ ಗದ್ದ ಮುಟ್ಟಿ, "ನನ್ನ ಹಾಲ ಕುಡದಾಕಿ ಇಷ್ಟ ದೊಡ್ಡಾಕಿ ಆದ್ಲೇನವಾ," ಎಂದಳು.

ಹೊರಗೆ ಬಂದಾಗ ನಮ್ಮವರು ಗಾಡಿಯಿಂದ ಇಳಿದಿರಲಿಲ್ಲ. ಆ ಶಿಪಾಯಿ ಗಾಲಿಗೆ ಒರಗಿ ನಿಂತಿದ್ದ, ಬರೀ ಅಂಗಿ, ತಲೆಗೊಂದು ಹಳೆಯ ವಸ್ತ್ರ. ತನ್ನ ಚಂಚಿಯಿಂದ ಎಲೆ ಅಡಿಕೆ ತೆಗೆದು ಕೊಡುತ್ತಿದ್ದ. ಆ ವರ್ಷದ ಹತ್ತಿಯ ಬಗ್ಗೆ ಮಾತು ನಡೆದಿತ್ತು. ನಮ್ಮವರು ಎಲೆ ತೆಗೆದುಕೊಂಡರು. ಅಂದು ತಂಗಿಯನ್ನು ಮಲಗಿಸಿದ್ದ ಹೊರಸು ಇನ್ನೂ ಬೇವಿನ ನೆರಳಲ್ಲೇ ಬಿದ್ದಿತ್ತು. ಅದರ ಮೇಲೆ ಮೆಣಸಿನಕಾಯಿ ಒಣಹಾಕಿದ್ದರು. ಅವರಿಬ್ಬರೂ ಅದರ ಕಡೆಗೆ ಬೆನ್ನು ಮಾಡಿ ಮಾತಾಡುತ್ತಿದ್ದರು.