ಹನ್ನೆರಡೇ ಫೋಟೋ ಹಾಕಿದವನು

ಕೂಡ್ಲಿಗಿ ಬಸ್ ನಿಲ್ದಾಣದ ಎದುರು ನನ್ನ ಸ್ಟುಡಿಯೋ. ಗಾಜಿನ ಶೋಕೇಸಿನಲ್ಲಿ ಫೋಟೋಗಳ ನಡುವೆ ಬೆರಳಿಡಲು ಜಾಗವಿರುತ್ತಿರಲಿಲ್ಲ. ಯಾರದನ್ನೂ ಬಿಡುವಂತೆಯೂ ಇರಲಿಲ್ಲ. ಒಂದು ಮಗುವಿನ ಫೋಟೋ ಅಲ್ಲಿಂದ ತೆಗೆದು ಇನ್ನೊಂದರದು ಹಾಕಿದರೆ ತಾಯಿ ಅಂಗಡಿಗೇ ಬಂದು, “ನಮ್ಮ ಹುಡುಗ ಚಂದಿಲ್ಲೇನ್ರಿ?” ಎಂದು ಕೇಳುತ್ತಿದ್ದಳು. ಊರಲ್ಲಿ ವ್ಯಾಪಾರ ಮಾಡುವವರು ನೆನಪಿಡಿ: ಒಬ್ಬರನ್ನು ಬಿಟ್ಟರೆ ಅವರ ಓಣಿಯನ್ನೇ ಬಿಟ್ಟಂತೆ.

ಎರಡು ಸಾವಿರದ ಇಸವಿ ದಾಟಿ, ನಮ್ಮೂರಿಗೂ ಇಂಟರ್ನೆಟ್ ಸೆಂಟರ್ ಬಂದಾಗ, ಕೊಟ್ಟೂರಿನ ಫೋಟೋಗ್ರಾಫರ್ ಒಬ್ಬ ವೆಬ್‌ಸೈಟ್ ಮಾಡಿಸಿದ ಸುದ್ದಿ ಬಂತು. ನನಗಿಂತ ತಡವಾಗಿ ಸ್ಟುಡಿಯೋ ತೆರೆದವನು. ನಾನು ಕಂಡಷ್ಟು ಮದುವೆ ಕಂಡವನಲ್ಲ. ಅವತ್ತು ಊಟ ಸೇರಲಿಲ್ಲ. ಸೆಂಟರಿಗೆ ಹೋಗಿ ನೋಡಿದೆ. ಬಿಳಿ ಪುಟ, ಹನ್ನೆರಡೇ ಫೋಟೋ. ಹೂಬಳ್ಳಿಯ ಅಂಚೂ ಇಲ್ಲ. ಇವನ ಹತ್ತಿರ ಸರಕೇ ಇಲ್ಲ ಎಂದುಕೊಂಡು ಸಮಾಧಾನದಿಂದ ಮನೆಗೆ ಬಂದೆ.

ನಾನೂ ಹೊಸಪೇಟೆಯಿಂದ ವೆಬ್‌ಸೈಟ್ ಮಾಡುವವನನ್ನು ಕರೆಸಿದೆ. ಮೂವತ್ತು ಫೋಟೋ ಸಾಕು ಎಂದ. ಚೌಕಾಸಿಯನ್ನು ನನಗೆ ಹೇಳಿಕೊಡಬೇಕೆ? ಎರಡು ಸಲ ಬೇಡವೆಂದು ಎದ್ದು, ಮತ್ತೆ ಕೂತು, ಚಹಾ ಕುಡಿಸಿ, ಅದೇ ರೇಟಿಗೆ ಮುನ್ನೂರು ಹಾಕಿಸಿದೆ. ತೊಟ್ಟಿಲು, ನಿಶ್ಚಿತಾರ್ಥ, ಸೀಮಂತ, ಯಾರನ್ನೂ ಬಿಡಲಿಲ್ಲ. ಪುಟದ ತಲೆಯ ಮೇಲೆ ದೀಪವೊಂದು ಮಿನುಗುತ್ತಿತ್ತು.

ಅದೇ ಹೊತ್ತಿಗೆ ಹಗರಿಬೊಮ್ಮನಹಳ್ಳಿಯ ಶೇಂಗಾ ಸಾಹುಕಾರರೊಬ್ಬರು ಮಗಳ ಮದುವೆಗೆ ಫೋಟೋಗ್ರಾಫರ್ ಹುಡುಕುತ್ತಿದ್ದರು. ಆ ಮದುವೆ ಸಿಕ್ಕರೆ ಹರಪನಹಳ್ಳಿಯವರೆಗೆ ಅವರ ಬೀಗರ ಮನೆಗಳೆಲ್ಲ ನನ್ನವೇ. ನಾನೇ ಅವರನ್ನು ಸೆಂಟರಿಗೆ ಕರೆದೊಯ್ದು ಕೂರಿಸಿದೆ.

ದೀಪ ಬಂತು, ಫೋಟೋ ಬರಲಿಲ್ಲ. ಬಹಳ ಹೊತ್ತಿನ ಮೇಲೆ ಒಬ್ಬ ಮದುಮಗನ ಪೇಟ ಮಾತ್ರ ಕಾಣಿಸಿತು.

“ಮುಖ ಯಾವಾಗ ಬರ್ತೈತ್ರಿ?” ಎಂದರು ಸಾಹುಕಾರರು.

“ಬರ್ತೈತ್ರಿ, ಫೋಟೋ ಭಾಳ ಅದಾವು,” ಎಂದೆ.

“ಇವನಿಗೆ ಮೂಗು ಬರೋದ್ರೊಳಗ ನನಗ ಮೊಮ್ಮಗ ಹುಟ್ತಾನ ಬಿಡ್ರಿ.”

ಸೆಂಟರಿನವನು ನಕ್ಕು, “ಕೊಟ್ಟೂರಿನವ್ರದು ತಗೀಲೇನ್ರಿ? ಲಗೂನ ಬರ್ತೈತಿ,” ಎಂದ. ನಾನು ಕಣ್ಣಸನ್ನೆ ಮಾಡಿದೆ, ಅವನಿಗೆ ಅರ್ಥವಾಗಲಿಲ್ಲ. ಹನ್ನೆರಡೂ ಬಂದವು. ಸಾಹುಕಾರರು ಒಂದೊಂದನ್ನೇ ನೋಡುತ್ತ ಸುಮ್ಮನಾದರು. ನನ್ನ ಶೋಕೇಸಿನ ಮುಂದೆ ಯಾರೂ ಹಾಗೆ ಸುಮ್ಮನಾಗಿದ್ದನ್ನು ನಾನು ಕಂಡಿರಲಿಲ್ಲ. ಮದುವೆ ಅವನ ಪಾಲಾಯಿತು.

ಮದುವೆಯಾಗಿ ತಿಂಗಳ ಮೇಲೆ ಸೆಂಟರಿನ ಅದೇ ಕುರ್ಚಿಯಲ್ಲಿ ಕೂತು ಅವನ ಪುಟ ತೆಗೆಸಿದೆ. ಅಷ್ಟು ದೊಡ್ಡ ಮದುವೆಯಿಂದ ಒಂದೇ ಫೋಟೋ ಹಾಕಿದ್ದ. ಅದಕ್ಕಾಗಿ ಹಳೆಯದೊಂದನ್ನು ತೆಗೆದಿದ್ದ. ಈಗಲೂ ಹನ್ನೆರಡೇ. ಆ ಹೊಸ ಫೋಟೋದಲ್ಲಿ, ಮಗಳನ್ನು ಗಂಡನ ಮನೆಗೆ ಕಳಿಸಿದ ಮೇಲೆ ಸಾಹುಕಾರರು ಖಾಲಿ ಮಂಟಪದ ಮೆಟ್ಟಿಲಲ್ಲಿ ಕೂತು, ಅವಳ ಜಡೆಯಿಂದ ಉದುರಿದ ಹಡಗಲಿ ಮಲ್ಲಿಗೆಯನ್ನು ಅಂಗೈಗೆ ಆಯ್ದುಕೊಳ್ಳುತ್ತಿದ್ದರು.

ಈ ಕಸುಬಿಗೆ ಬರುವ ಹೊಸಬರಿಗೆ ಈಗಲೂ ಹೇಳುತ್ತೇನೆ: ವೆಬ್‌ಸೈಟಿನಲ್ಲಿ ಕಡಿಮೆ ಹಾಕಿ. ಯಾರಿಂದ ಕಲಿತೆ ಎಂದು ಹೇಳುವುದಿಲ್ಲ. ಮುನ್ನೂರರಿಂದ ಹನ್ನೆರಡಕ್ಕೆ ಇಳಿಯುವುದು ನನಗೂ ಬಂತು. ಆದರೆ ಹೆಣ್ಣನ್ನು ಕಳಿಸಿದ ಆ ಹೊತ್ತಿಗೆ ನಾನಾಗಿದ್ದರೆ ಕ್ಯಾಮೆರಾ ಚೀಲಕ್ಕೆ ಹಾಕಿ ಊಟದ ಪಂಕ್ತಿಯಲ್ಲಿ ಕೂತಿರುತ್ತಿದ್ದೆ. ಅವನು ಅಲ್ಲೇ ನಿಂತಿದ್ದ. ಹೊಟ್ಟೆ ಉರಿಯುವುದು ಅದಕ್ಕೆ.