ಉಂಗುರ ಬೆರಳಿನ ಅರ್ಧ

ಈ ತರದ ಸಂಗತಿಗಳನ್ನು ನಾನು ನಂಬುತ್ತಿರಲಿಲ್ಲ. ನಂಬದಿದ್ದದ್ದಷ್ಟೇ ಅಲ್ಲ, ನಂಬುವವರನ್ನು ತಿದ್ದುವ ಹೊಣೆಯನ್ನೂ ಯಾರೂ ಕೊಡದೆ ನಾನೇ ಹೊತ್ತುಕೊಂಡಿದ್ದೆ. ಎಪ್ಪತ್ತರ ದಶಕದಲ್ಲಿ ಮಳವಳ್ಳಿ ಹತ್ತಿರದ ಒಂದು ಹಳ್ಳಿಯಲ್ಲಿ ಲೆಕ್ಕದ ಮೇಷ್ಟ್ರಾಗಿದ್ದೆ. ಯಾರ ಮನೆಯಲ್ಲಿ ಗಾಳಿ ಮೆಟ್ಟಿಕೊಂಡಿದೆಯೆಂದು ಕೇಳಿದರೂ ಛತ್ರಿ ಹಿಡಿದು ಹೋಗಿ ದೀರ್ಘವಾಗಿ ಭಾಷಣ ಮಾಡಿ ಬರುತ್ತಿದ್ದೆ. ಗಾಳಿ ಬಿಟ್ಟುಹೋಗುತ್ತಿತ್ತು. ನನ್ನ ತರ್ಕಕ್ಕೆ ಹೆದರಿಯೋ, ಭಾಷಣಕ್ಕೆ ಬೇಸತ್ತೋ ತಿಳಿಯದು. ಈಗ ಹೇಳಹೊರಟಿರುವುದರಲ್ಲಿ ದೆವ್ವ ಇಲ್ಲ. ಇದ್ದಿದ್ದರೆ ಎಲ್ಲವನ್ನೂ ಅದರ ತಲೆಗೆ ಕಟ್ಟಿ ನೆಮ್ಮದಿಯಾಗಿರಬಹುದಿತ್ತು.

ನಾನು ಬಾಡಿಗೆಗಿದ್ದದ್ದು ಬೋರೇಗೌಡರ ಮನೆಯ ಮುಂದಿನ ಕೋಣೆಯಲ್ಲಿ. ಗೌಡರ ಹೆಂಡತಿ ತೀರಿಹೋಗಿದ್ದರು. ಮನೆಯಲ್ಲಿ ತಾಯಿ ನಿಂಗಮ್ಮ ಮತ್ತು ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳಿಗೆ ಮದ್ದೂರು ಕಡೆಯ ಗಂಡು ಗೊತ್ತಾಗಿತ್ತು. ಚಿಕ್ಕವಳು ಸುಶೀಲ, ಎಂಟೊಂಬತ್ತು ವರ್ಷದವಳು. ಈ ಹುಡುಗಿ ನಡುರಾತ್ರಿ ಎದ್ದು ಕೂತು, ಒದ್ದೆ ಕೈಯ ನೀರು ಕೊಡವುವವರ ಹಾಗೆ ಬಲಗೈಯನ್ನು ಕೊಡವುತ್ತಿದ್ದಳು. ಬೆರಳು ಕಚ್ಚಿಕೊಳ್ಳುತ್ತಿದ್ದಳು. ಹಗಲು ಬಳಪ ಜಾರುತ್ತಿತ್ತು, ಲಂಗದ ಲಾಡಿ ಕಟ್ಟಲು ಅಕ್ಕನೇ ಬೇಕಿತ್ತು. ಏನಾಗುತ್ತದೆಂದು ಕೇಳಿದರೆ ಏನೂ ಇಲ್ಲ ಎನ್ನುತ್ತಿದ್ದಳು. ಮಕ್ಕಳಿಗೆ ತಮ್ಮ ಕೈ ಹೇಗಿದೆಯೋ ಎಲ್ಲರ ಕೈಯೂ ಹಾಗೇ ಎಂಬ ನಂಬಿಕೆ ಇರುತ್ತದೆಂದು ಕಾಣುತ್ತದೆ.

ಕಬ್ಬು ಅರೆಯುವ ಕಾಲ ಬಂತು. ಆಲೆಮನೆಯಲ್ಲಿ ಪಾಕ ಇಳಿಸಿದಾಗ ಅಂಚಿನ ಬಿಸಿಬೆಲ್ಲ ಮಕ್ಕಳ ಪಾಲು. ಅವರು ಅದನ್ನು ಕಬ್ಬಿನ ಸಿಪ್ಪೆಯ ಮೇಲಿಟ್ಟುಕೊಂಡು ಊದಿ ಊದಿ ತಿನ್ನುತ್ತಾರೆ. ಸುಶೀಲ ಸಿಪ್ಪೆಯಿಲ್ಲದೆ, ಹೆಬ್ಬೆರಳು ಮತ್ತು ಪಕ್ಕದೆರಡು ಬೆರಳುಗಳಲ್ಲಿ ಎತ್ತಿಕೊಂಡು ಮಾತಾಡುತ್ತ ನಿಂತಳು. ಬೆರಳುಗಳಲ್ಲಿ ಬೊಬ್ಬೆ ಎದ್ದದ್ದನ್ನು ಕಂಡು ಕಿರುಚಿದವರು ಪಕ್ಕದವರು. ಅವಳಲ್ಲ.

ನಿಂಗಮ್ಮ ಮೊಮ್ಮಗಳ ಕೈ ತಿರುಗಿಸಿ ತಿರುಗಿಸಿ ನೋಡಿ ಮಗನಿಗೆ ಹೇಳಿದರು: “ನೋಡ್ಲಾ ಬೋರ, ಇಷ್ಟ್ ಸುಟ್ರೂ ಮಗ ಅಳ್ನಿಲ್ಲ. ಇದು ದೊಡ್ ರೋಗ್ವೇ ಕಣ್ಲಾ.”

ದೊಡ್ಡ ರೋಗವೆಂದರೆ ಕುಷ್ಠ. ಆ ಹೆಸರನ್ನು ಮನೆಯೊಳಗೆ ಯಾರೂ ಎತ್ತುತ್ತಿರಲಿಲ್ಲ. ಸಂಜೆ ಗೌಡರು ನನ್ನ ಕೋಣೆಯ ಬಾಗಿಲಲ್ಲಿ ಬಂದು ಕುಕ್ಕರುಗಾಲಲ್ಲಿ ಕೂತರು. ಬಹಳ ಹೊತ್ತು ಕಬ್ಬಿನ ವಿಷಯ ಮಾತಾಡಿ ಕೊನೆಗೆ ಹೇಳಿದರು: “ಮದ್ದೂರ್ನೋರ್ಗೆ ಗೊತ್ತಾದ್ರೆ ದೊಡ್ಡೋಳ್ ಮದ್ವೆ ಮುರುದ್ ಬಿತ್ತು ಮೇಷ್ಟ್ರೇ. ಬೆಳಿಗ್ಗೆ ಮಂಡ್ಯಕ್ಕೆ ಓಗವಾ. ಡಾಕ್ಟ್ರು ಊಂ ಅಂದ್ಬುಟ್ರೆ, ಆ ರೋಗದೋರ್ನ ಇಟ್ಕೋತಾರಲ್ಲ, ಅಲ್ಲೇ ಬುಟ್ಟು ಬತ್ತೀನಿ.” ಹೇಳಿ ಮುಖ ಆಚೆ ತಿರುಗಿಸಿಕೊಂಡರು. ಬಾಗಿಲ ಹಿಂದೆ ಸುಶೀಲ ನಿಂತು ಕೇಳಿಸಿಕೊಳ್ಳುತ್ತಿದ್ದುದು ನನಗೆ ಕಾಣುತ್ತಿತ್ತು, ಅವರಿಗಲ್ಲ.

ಆ ರಾತ್ರಿ ಬಾಗಿಲಿಗೆ ಅಗುಳಿ ಹಾಕಿ ಮಲಗಿದೆ. ನಿದ್ದೆ ಹತ್ತಲಿಲ್ಲ. ಹೊರಳಿದೆ, ನೀರು ಕುಡಿದೆ, ಲೆಕ್ಕದ ಮೇಷ್ಟ್ರಾದ್ದರಿಂದ ಮಗ್ಗಿಯನ್ನೂ ಹೇಳಿಕೊಂಡೆ. ಯಾವಾಗಲೋ ಬಲಗೈಯಲ್ಲಿ ಇರುವೆ ಹರಿದಂತಾಯಿತು, ಆಮೇಲೆ ಉರಿ, ಆಮೇಲೆ ಕೈ ಮರದ ತುಂಡು. ಕೈ ಮೈಕೆಳಗೆ ಸಿಕ್ಕಿರಲಿಲ್ಲ, ಎದೆಯ ಮೇಲಿತ್ತು. ಅಷ್ಟರಲ್ಲಿ ಯಾರೋ ಆ ಕೈಯನ್ನು ಹಿಡಿದುಕೊಂಡರು. ಸಣ್ಣ ಕೈ. ಮಕ್ಕಳು ಎಣಿಸುವಂತೆ ಒಂದೊಂದೇ ಬೆರಳನ್ನು ಹಿಡಿದು ಜಿಗುಟತೊಡಗಿತು. ಹೆಬ್ಬೆರಳು: ಎಳೆದದ್ದು ಮೊಣಕೈಗೆ ಗೊತ್ತಾಯಿತೇ ಹೊರತು ಬೆರಳಿಗೆ ಏನೂ ಇಲ್ಲ. ತೋರುಬೆರಳು, ನಡುಬೆರಳು, ಅವೂ ಹಾಗೇ. ಉಂಗುರ ಬೆರಳಿಗೆ ಬಂದಾಗ ಮಾತ್ರ ವಿಚಿತ್ರವಾಯಿತು. ನಡುಬೆರಳಿನ ಕಡೆಯ ಮಗ್ಗುಲು ಸತ್ತಿತ್ತು, ಕಿರುಬೆರಳಿನ ಕಡೆಯ ಮಗ್ಗುಲು ಬದುಕಿತ್ತು. ಒಂದೇ ಬೆರಳಿನಲ್ಲಿ ಗಡಿಕಲ್ಲು ನೆಟ್ಟಂತೆ. ಕಿರುಬೆರಳನ್ನು ಜಿಗುಟಿದಾಗ ನೋವು ನೆತ್ತಿಗೇರಿತು.

ಎದ್ದು ಲಾಟೀನು ದೊಡ್ಡದು ಮಾಡಿದೆ. ಕೋಣೆಯಲ್ಲಿ ಯಾರೂ ಇಲ್ಲ. ಅಗುಳಿ ಹಾಕಿದ ಹಾಗೇ ಇತ್ತು. ಒಳಮನೆಯಿಂದ ಕೈ ಕೊಡವುವ ಸದ್ದು, ಮಲಕ್ಕೋ ಮಗ ಎಂಬ ನಿಂಗಮ್ಮನ ದನಿ ಕೇಳಿಸಿತು. ನನ್ನ ಕೈ ಬೆಳಗಾಗುವ ಹೊತ್ತಿಗೆ ಎಂದಿನಂತಾಯಿತು. ನಾನು ಆಗಲಿಲ್ಲ.

ಮಂಡ್ಯದ ಡಾಕ್ಟರು ಹುಡುಗಿಯ ಮೈಮೇಲೆಲ್ಲ ಮಚ್ಚೆ ಹುಡುಕಿದರು, ಮೊಣಕೈ ಹಿಂದಿನ ನರ ಒತ್ತಿ ನೋಡಿದರು, ಸೂಜಿ ಹಿಡಿದರು. ಸುಶೀಲ ಸೂಜಿಯನ್ನೇ ನೋಡುತ್ತ, ಅದು ಎಲ್ಲಿ ಮುಟ್ಟಿದರೂ ನೋಯುತ್ತೆ ನೋಯುತ್ತೆ ಎಂದಳು. ನೋಯುವುದಿಲ್ಲವೆಂದರೆ ಬಿಟ್ಟುಬರುತ್ತಾರೆಂದು ಅವಳಿಗೆ ಗೊತ್ತಿತ್ತಲ್ಲ. ಡಾಕ್ಟರು ಬೊಬ್ಬೆ ನೋಡುತ್ತಾರೆ, ಹುಡುಗಿಯ ಮುಖ ನೋಡುತ್ತಾರೆ, ಒಂದಕ್ಕೊಂದು ಕೂಡುವುದಿಲ್ಲ. ಕೊನೆಗೆ ಅನುಮಾನವಿರುವುದರಿಂದ ಆ ರೋಗದವರ ಆಸ್ಪತ್ರೆಗೇ ಸೇರಿಸಿ ನೋಡುವುದು ಮೇಲು ಎಂದರು. ಗೌಡರು ಟವೆಲನ್ನು ಬಾಯಿಗೆ ಒತ್ತಿಕೊಂಡರು.

ಆಗ ನಾನು ಬಾಯಿಬಿಟ್ಟೆ. ಅವಳ ಕಣ್ಣು ಮುಚ್ಚಿಸಿ ಉಂಗುರ ಬೆರಳನ್ನು ನೋಡಿ, ಎರಡೂ ಮಗ್ಗುಲು ಬೇರೆಬೇರೆಯಾಗಿ ನೋಡಿ ಎಂದೆ. ಡಾಕ್ಟರು ನನ್ನನ್ನು ಒಂದು ಗಳಿಗೆ ನೋಡಿ, ಹಾಗೇ ಮಾಡಿದರು. ಕಣ್ಣು ಮುಚ್ಚಿದ ಹುಡುಗಿ ಒಂದು ಮಗ್ಗುಲಿಗೆ ಬೆಚ್ಚಿದಳು, ಇನ್ನೊಂದಕ್ಕೆ ಸುಮ್ಮನಿದ್ದಳು. ಕಿರುಬೆರಳಿಗೆ ಸೂಜಿ ಗೊತ್ತಾಯಿತು, ಉಳಿದ ಮೂರಕ್ಕೆ ಇಲ್ಲ. ಅವರು ಮಣಿಕಟ್ಟಿನ ಮೇಲೆ ಬೆರಳಿಂದ ಕುಟ್ಟಿದರು. ಬೆರಳ ತುದಿಯವರೆಗೆ ಜುಮ್ಮೆಂದವಳಂತೆ ಅವಳು ಕೈ ಕಿತ್ತುಕೊಂಡಳು.

“ಗೌಡ್ರೇ, ಇದು ಅದಲ್ಲ,” ಎಂದರು. ಆ ರೋಗ ಕೈಗೆ ಬಂದರೆ ಸಾಮಾನ್ಯವಾಗಿ ಕಿರುಬೆರಳ ಕಡೆಯಿಂದಲೇ ಶುರುವಂತೆ. ಇಲ್ಲಿ ಮಣಿಕಟ್ಟಿನೊಳಗಿನ ಸುರಂಗದಂಥ ಸಂದಿಯಲ್ಲಿ, ಹೆಬ್ಬೆರಳಿಂದ ಉಂಗುರ ಬೆರಳಿನ ಅರ್ಧದವರೆಗೆ ಹೋಗುವ ಒಂದು ನರ, ಮಳವಳ್ಳಿ ಬಸ್ಸಿನ ಪ್ರಯಾಣಿಕನಂತೆ ಒತ್ತಿನಲ್ಲಿ ಸಿಕ್ಕಿಕೊಂಡಿದೆ. ದೊಡ್ಡವರಲ್ಲಿ ಕಂಡಿದ್ದೇನೆ, ಮಕ್ಕಳಲ್ಲಿ ಬಹಳ ಅಪರೂಪ ಎಂದರು. ನಿಮಗೆ ಯಾರು ಹೇಳಿದರು ಎಂದು ನನ್ನನ್ನು ಕೇಳಿದರು. ಎಲ್ಲೋ ಓದಿದ ನೆನಪು ಎಂದು ಪರಮ ಗಾಂಭೀರ್ಯದಿಂದ ಹೇಳಿದೆ.

ಮುಂದೆ ಮೈಸೂರಿನಲ್ಲಿ ಆ ಸಂದಿಯನ್ನು ಕೊಯ್ದು ಸಡಿಲಿಸಿದರು. ಬೆರಳುಗಳಿಗೆ ನಿಧಾನವಾಗಿ ಜೀವ ಬಂತು. ದೊಡ್ಡವಳ ಮದುವೆಯೂ ನಡೆಯಿತು. ನನಗೆ ನಾನೇ ಸಮಾಧಾನ ಹೇಳಿಕೊಂಡೆ: ದಿನವೂ ನೋಡಿದ ಕೈ ಮನಸ್ಸಿನಲ್ಲಿ ಕೂತಿರಬೇಕು, ಅವತ್ತು ನನಗೂ ಜೋಮು ಹಿಡಿದಿರಬೇಕು, ಉಳಿದದ್ದು ಅರೆನಿದ್ದೆಯ ಕಸುಬು. ಇನ್ನೊಬ್ಬರ ಮನೆಯಲ್ಲಾಗಿದ್ದರೆ ಇದನ್ನೇ ಭಾಷಣ ಮಾಡುತ್ತಿದ್ದೆ.

ಆದರೆ ಅವತ್ತು ಮಂಡ್ಯದಿಂದ ಬಸ್ಸಿನಲ್ಲಿ ಹಿಂದಿರುಗುವಾಗ, ಮದ್ದೂರು ದಾಟಿದ ಮೇಲೆ, ಗೌಡರು ಎಷ್ಟೋ ರಾತ್ರಿಗಳ ನಿದ್ದೆಯನ್ನು ಒಂದೇ ಸಲಕ್ಕೆ ಮಾಡುವವರಂತೆ ಗೊರಕೆ ಹೊಡೆಯುತ್ತಿದ್ದರು. ನಮ್ಮಿಬ್ಬರ ನಡುವೆ ಕೂತಿದ್ದ ಸುಶೀಲ ನನ್ನ ಬಲಗೈಯ ಕಿರುಬೆರಳನ್ನು ಸುಮ್ಮನೆ ನೋಡುತ್ತಿದ್ದಳು. ಆಮೇಲೆ ಅಪ್ಪನಿಗೆ ಕೇಳಿಸದಂತೆ ಮೆಲ್ಲಗೆ ಕೇಳಿದಳು:

“ಜೋರಾಗ್ ಜಿಗುಟ್ಬುಟ್ನಾ ಮೇಷ್ಟ್ರೇ?”

ನಾನು ಕೇಳಬೇಕಾದ ಪ್ರಶ್ನೆಗಳು ಎಷ್ಟೋ ಇದ್ದವು. ಬಾಯಿಗೆ ಬಂದದ್ದು, “ಇಲ್ಲಮ್ಮ” ಎಂಬುದೊಂದೇ. ಅವಳಿಗೆ ಸಮಾಧಾನವಾಯಿತು, ಕಿಟಕಿಯ ಕಡೆ ತಿರುಗಿದಳು. ನನಗೆ ಇನ್ನೂ ಆಗಿಲ್ಲ.